ಡಿಸೈನ್ ಸಮ್ಮೇಳನ ಮುಗಿಯಿತು, ಸೋಮವಾರ ಟೀಮಿಗೆ ಏನು ಹೇಳಲಿ?

ಪ್ರಶ್ನೆ: ಇಂಟರಾಕ್ಷನ್ ಡಿಸೈನ್ (ಜನ ಆ್ಯಪ್ ಬಳಸುವ ಬಗೆಯನ್ನು ರೂಪಿಸುವ ಕೆಲಸ) ಕುರಿತ ಎರಡು ದಿನದ ಸಮ್ಮೇಳನ. ಕೈಯಲ್ಲಿ ನಲವತ್ತು ಪುಟ ಟಿಪ್ಪಣಿ, ಇನ್ನೂರು ಸ್ಲೈಡ್ ಫೋಟೊ ಇವೆ. ಕೆಲಸ ಬಸ್ ಟಿಕೆಟಿನ ವೆಬ್ ಆ್ಯಪಿನದು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ಸೋಮವಾರ ಟೀಮಿನೆದುರು ಅರ್ಧ ಗಂಟೆ ಸಿಗುತ್ತದೆ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು? ಮಾಡಿ ನೋಡಿದವರು ತಿಳಿಸಿ.

ಪ್ರಾಡಕ್ಟ್ ಡಿಸೈನರ್: ಫೋಟೊಗಳನ್ನು ಮರೆತುಬಿಡಿ, ಟಿಪ್ಪಣಿ ಹಿಡಿದು ಕೂರಿ. ಪ್ರತಿ ಸಾಲಿನ ಎದುರು ನಿಮ್ಮ ಆ್ಯಪಿನ ಒಂದು ಸ್ಕ್ರೀನಿನ ಹೆಸರು ಬರೆಯಿರಿ: ಸೀಟು ಆಯ್ಕೆ, ಪಾವತಿ, ಟಿಕೆಟ್ ರದ್ದು. ಹೆಸರು ಹೊಳೆಯದ ಸಾಲನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ಎರಡು ವಾರದ ಒಂದು ಸ್ಪ್ರಿಂಟಿನಲ್ಲಿ (ಟೀಮಿನ ಕೆಲಸದ ಒಂದು ಸುತ್ತಿನಲ್ಲಿ) ಮಾಡಿ ಮುಗಿಸಬಹುದಾದ ಮೂರು ಸಾಕು. ಒಂದೊಂದಕ್ಕೂ ಒಂದು ಸ್ಲೈಡ್: ಈಗಿನ ಸ್ಕ್ರೀನ್ ಎಡಕ್ಕೆ, ಬದಲಿಸಿದ್ದು ಬಲಕ್ಕೆ, ಕೆಳಗೆ ಅಳೆಯುವ ಒಂದೇ ಅಂಕಿ, ಉದಾಹರಣೆಗೆ ಪಾವತಿ ಪುಟದಿಂದ ವಾಪಸ್ ಹೋದವರೆಷ್ಟು. ಆ ಅಂಕಿಯನ್ನು ಬದಲಾವಣೆಗೆ ಮುಂಚಿನ ಎರಡು ವಾರವೂ ಬರೆದಿಡಿ. ದೀಪಾವಳಿ ವಾರ ಮಾತ್ರ ಬೇಡ, ಟಿಕೆಟ್ ಆ್ಯಪಿನಲ್ಲಿ ಆ ವಾರದ ಲೆಕ್ಕ ಬೇರೆ ಯಾವ ವಾರಕ್ಕೂ ತಾಳೆಯಾಗುವುದಿಲ್ಲ.

ಫ್ರಂಟ್ ಎಂಡ್ (ಪರದೆಯ ಮೇಲೆ ಕಾಣುವ ಭಾಗದ ಕೋಡು) ಕಡೆಯವರು: ವೇದಿಕೆಯ ಡೆಮೊಗೆ ಮರುಳಾಗಬೇಡಿ. ಅದು ದುಬಾರಿ ಫೋನು, ಗಟ್ಟಿ ವೈಫೈ. ಅದೇ ಅನಿಮೇಷನ್ 3 ಜಿಬಿ ರ‍್ಯಾಮಿನ ಫೋನಿನಲ್ಲಿ ಮುಗ್ಗರಿಸುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಅಗಲ, ಎತ್ತರಗಳನ್ನು ಕದಲಿಸಿದರೆ ಬ್ರೌಸರ್ ಪ್ರತಿ ಫ್ರೇಮಿಗೂ ಲೇಔಟಿನ (ಪುಟದಲ್ಲಿ ಯಾವುದು ಎಲ್ಲಿ ಎಂಬುದರ) ಲೆಕ್ಕ ಹಾಕುತ್ತ ಕೂರಬೇಕು. ಟ್ರಾನ್ಸ್‌ಫಾರ್ಮ್ (ಸರಿಸುವುದು, ಹಿಗ್ಗಿಸುವುದು), ಒಪಾಸಿಟಿ (ಮಸುಕಾಗಿಸುವುದು) ಎರಡನ್ನೇ ಬಳಸಿ 200ರಿಂದ 300 ಮಿಲಿಸೆಕೆಂಡಿನಲ್ಲಿ ಮುಗಿಸಿ. ಕ್ರೋಮ್ ಬ್ರೌಸರಿನ ಪರೀಕ್ಷಾ ಸಲಕರಣೆಯಾದ ಡೆವ್‌ಟೂಲ್ಸ್‌ನಲ್ಲಿ ಸಿಪಿಯು ವೇಗ 6 ಪಟ್ಟು ಇಳಿಸಿ ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಪಾವತಿ ಬಟನ್. ಒತ್ತಿದ ತಕ್ಷಣ ಏನೂ ಆಗದಿದ್ದರೆ ಜನ ಮತ್ತೆ ಒತ್ತುತ್ತಾರೆ. ಬಳಕೆಯ ಸುಲಭತೆಯ ತಜ್ಞ ನೀಲ್ಸನ್ ಹೇಳುವ 0.1 (ತಕ್ಷಣ ಅನ್ನಿಸಲು), 1 (ಯೋಚನೆ ಕಡಿಯದಿರಲು), 10 (ಗಮನ ತಪ್ಪದಿರಲು) ಸೆಕೆಂಡಿನ ಮಿತಿಗಳಿಗೆ ಸಂಶೋಧಕ ರಾಬರ್ಟ್ ಮಿಲ್ಲರ್ 1968ರಲ್ಲಿ ಬರೆದದ್ದೇ ಬುನಾದಿ. 0.1 ಸೆಕೆಂಡಿನೊಳಗೆ ಬಟನ್ ಲಾಕ್ ಆಗಿ, ಬರಹ ‘ಪಾವತಿ ಆಗುತ್ತಿದೆ’ ಎಂದಾಗಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. ಒಂದೇ ಆರ್ಡರ್ ನಂಬರಿನ ಎರಡನೇ ಕೋರಿಕೆಯನ್ನು ಸರ್ವರ್ ಕೂಡ ತಿರಸ್ಕರಿಸಬೇಕು, ಇಲ್ಲದಿದ್ದರೆ ನೆಟ್‌ವರ್ಕ್ ಹೋಗಿ ಬಂದಾಗ ಹಣ ಎರಡು ಸಲ ಕಟ್ಟಾಗುತ್ತದೆ.

ಕನ್ನಡ ಯುಐ (ಪರದೆಯ ಬರಹ, ಬಟನ್) ನೋಡಿಕೊಳ್ಳುವವರು: ಇಂಥ ಸಮ್ಮೇಳನಗಳಲ್ಲಿ ಹೇಳುವ ಅಕ್ಷರದ ಅಳತೆಗಳು ಬಹುಪಾಲು ಲ್ಯಾಟಿನ್ ಲಿಪಿಗೆ ಹೊಲಿದ ಅಂಗಿ. ಕನ್ನಡಕ್ಕೆ ತೊಡಿಸಿದರೆ ಮೊದಲು ಹರಿಯುವುದು ಒತ್ತಕ್ಷರದ ಜಾಗದಲ್ಲಿ. ‘ರಾಷ್ಟ್ರೀಯ’ ಅಂತ ಟೈಪ್ ಮಾಡಿ ನೋಡಿ. ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿನ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ 9 ಸಂಕೇತ. ಕೋಡು ‘6ಕ್ಕೆ ಕತ್ತರಿಸು’ ಅಂದರೆ ಉಳಿಯುವುದು ‘ರಾಷ್ಟ್’. ಪದದ ನಡುವೆ ಕತ್ತರಿಸುವುದು ಬೇಡ, ಎರಡು ಸಾಲಿಗೆ ಹರಿಯಬಿಡಿ.

ಷ ಅಕ್ಷರದ ಕೆಳಗೆ ಟ, ರ ಎರಡೂ ಇಳಿಯುತ್ತವೆ. ಲೈನ್ ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬುದು) 1.2 ಇಟ್ಟು ಓವರ್‌ಫ್ಲೋ (ಚೌಕಟ್ಟು ಮೀರಿದ ಭಾಗ) ಮರೆಮಾಡಿದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. 1.6ರಿಂದ ಶುರುಮಾಡಿ, ನಿಮ್ಮ ಫಾಂಟಿನಲ್ಲಿ ‘ಸ್ತ್ರೀ’, ‘ಅಸ್ಪಷ್ಟ’, ‘ಸೆಟ್ಟಿಂಗ್ಸ್’ ಹಾಕಿ ಪರೀಕ್ಷಿಸಿ. ಬಟನ್ನಿಗೆ ಎತ್ತರ ಬಿಗಿಯಬೇಡಿ, ಕನಿಷ್ಠ ಎತ್ತರ ಕೊಟ್ಟು ಪ್ಯಾಡಿಂಗ್ (ಬರಹದ ಸುತ್ತ ಖಾಲಿ ಜಾಗ) ಇಡಿ. ಅಕ್ಷರಗಳ ನಡುವಿನ ಅಂತರ ಸೊನ್ನೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಶೀರ್ಷಿಕೆ ಎದ್ದುಕಾಣುತ್ತದೆ, ನಮಗೆ ಆ ಸೌಲಭ್ಯವಿಲ್ಲ. ಅಲ್ಲಿ ಗಾತ್ರ ಅಥವಾ ದಪ್ಪದಲ್ಲೇ ವ್ಯತ್ಯಾಸ ತೋರಿಸಬೇಕು.

ವಿಭಕ್ತಿ ಇನ್ನೊಂದು ತಲೆನೋವು. ಊರಿನ ಹೆಸರಿಗೆ ‘ಗೆ’ ಅಂಟಿಸುವ ಕೋಡು ‘ಮೈಸೂರುಗೆ’ ಅನ್ನುತ್ತದೆ, ಬೇಕಿದ್ದದ್ದು ‘ಮೈಸೂರಿಗೆ’. ಎಲ್ಲ ಊರಿಗೂ ನಿಯಮ ಬರೆಯುತ್ತ ಕೂರುವ ಬದಲು ‘ತಲುಪುವ ಊರು: ಮೈಸೂರು’ ಅನ್ನಿ, ಗಲಾಟೆಯೇ ಇಲ್ಲ. ‘ಟಿಕೆಟ್ ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದು’ ಎಂಬ ಎರಡು ಬಟನ್ ಇಟ್ಟವರನ್ನು ಏನನ್ನಬೇಕೋ! ‘ಹೌದು, ಟಿಕೆಟ್ ಬೇಡ’ ಮತ್ತು ‘ಟಿಕೆಟ್ ಇರಲಿ’ ಅಂತ ಬರೆಯಿರಿ.

ಬಳಕೆದಾರರ ಅಧ್ಯಯನ ಮಾಡುವವರು: ‘ಆ್ಯಪ್ ಪರೀಕ್ಷಿಸಲು ಐದು ಜನ ಸಾಕು’ ಅನ್ನುವ ಮಾತು ಸಮ್ಮೇಳನದಲ್ಲೂ ಕಿವಿಗೆ ಬಿದ್ದಿರುತ್ತದೆ. ಅದೇ ನೀಲ್ಸನ್ ಮತ್ತು ಸಂಶೋಧಕ ಲ್ಯಾಂಡವರ್ 1993ರಲ್ಲಿ ಕೊಟ್ಟ ಸೂತ್ರ ಅದು. ಒಬ್ಬರಿಂದ ಸರಾಸರಿ ಶೇ. 31ರಷ್ಟು ತೊಡಕು ಹೊರಬಿದ್ದರೆ ಐವರಿಂದ ಸುಮಾರು ಶೇ. 85. ಇದು ತೊಡಕು ಹುಡುಕಲಿಕ್ಕೆ ಮಾತ್ರ. ‘ಐವರಲ್ಲಿ ನಾಲ್ವರಿಗೆ ಇಷ್ಟವಾಯಿತು, ಅಂದರೆ ಶೇ. 80’ ಅಂತ ಸ್ಲೈಡ್ ಮಾಡಿದರೆ ತಪ್ಪು. ಕನ್ನಡದಲ್ಲಿ ಬಳಸುವವರು ಐವರು, ಇಂಗ್ಲಿಷಿನವರು ಐವರು, ಬೇರೆ ಬೇರೆಯಾಗಿ ಕೂರಿಸಿ. ‘ನಾಳೆ ರಾತ್ರಿ ಹುಬ್ಬಳ್ಳಿಗೆ ಎರಡು ಸೀಟು, ಅಕ್ಕಪಕ್ಕ’ ಅಂತ ಕೆಲಸ ಕೊಟ್ಟು ಸುಮ್ಮನಿರಿ. ಎಲ್ಲಿ ಒತ್ತಬೇಕೆಂದು ಬಾಯಿಬಿಟ್ಟರೆ ಆ ಸುತ್ತು ದಂಡ.

ಪ್ರಶ್ನೆ ಕೇಳಿದವರು: ಉಪಯೋಗವಾಯಿತು. ಸೀಟು ನಕ್ಷೆ ಬಗ್ಗೆ ಒಂದು ಅನುಮಾನ. ಒತ್ತುವ ಜಾಗದ ಅಳತೆ ಒಂದು ಕಡೆ 24 ಪಿಕ್ಸೆಲ್ ಅಂದರು, ಇನ್ನೊಂದು ಕಡೆ 48. ಯಾವುದು ಸರಿ?

ಫ್ರಂಟ್ ಎಂಡ್ ಕಡೆಯವರು: ಎರಡೂ. 24 ಎಂಬುದು ಅಕ್ಟೋಬರ್ 2023ರ ಡಬ್ಲ್ಯುಸಿಎಜಿ 2.2ರಲ್ಲಿ (ಅಂಗವಿಕಲರೂ ವೆಬ್ ಬಳಸುವಂತೆ ಮಾಡುವ ಮಾರ್ಗಸೂಚಿ) ಎಎ ಎಂಬ ನಡುವಿನ ಮಟ್ಟಕ್ಕೆ ಹೇಳಿದ ಕನಿಷ್ಠ. 48 ಗೂಗಲಿನ ಮೆಟೀರಿಯಲ್ ಎಂಬ ಡಿಸೈನ್ ಮಾರ್ಗದರ್ಶಿಯ ಸಲಹೆ. ಅಲುಗಾಡುವ ಬಸ್ಸಿನಲ್ಲಿ ಬುಕ್ ಮಾಡುವವರೂ ಇರುತ್ತಾರೆ, 48 ಇಡಿ. ಜಾಗ ಸಾಲುತ್ತದೆ: 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಎರಡು ಬದಿಗೆ 16ರಂತೆ ಕಳೆದರೆ 328. 2+3 ಸೀಟಿನ ಬಸ್ಸಿಗೆ ನಡುದಾರಿ ಸೇರಿ ಆರು ಕಾಲಂ. ಆರು 48 ಅಂದರೆ 288, ಐದು ಸಂದಿಗೆ 8ರಂತೆ 40, ಸರಿಯಾಗಿ 328. ಮಹಿಳೆಯರ ಸೀಟನ್ನು ಗುಲಾಬಿ ಬಣ್ಣದಿಂದಷ್ಟೇ ತೋರಿಸಬೇಡಿ, ಒಂದು ಚಿಹ್ನೆಯೂ ಇರಲಿ. ಎಡವುವುದು 1+2 ಸ್ಲೀಪರಿನಲ್ಲಿ. ಮೇಲಿನ, ಕೆಳಗಿನ ಬರ್ತುಗಳನ್ನು ಅಕ್ಕಪಕ್ಕ ಇಟ್ಟರೆ ನಡುದಾರಿಗಳೂ ಸೇರಿ ಎಂಟು ಕಾಲಂ ಆಗಿ, ಸಂದಿ ಕಳೆದರೆ ಒಂದಕ್ಕೆ ಸಿಗುವುದು 34 ಮಾತ್ರ. ಎರಡು ಟ್ಯಾಬ್ ಮಾಡಿ, ಟ್ಯಾಬಿನ ಮೇಲೆ ಎಷ್ಟು ಬರ್ತು ಖಾಲಿ ಅಂತ ಬರೆಯಿರಿ. ಇಲ್ಲದಿದ್ದರೆ ಕೆಳಗಿನದು ತುಂಬಿದ್ದು ನೋಡಿ ಬಸ್ಸೇ ಫುಲ್ ಅಂದುಕೊಂಡು ಹೋಗಿಬಿಡುತ್ತಾರೆ.