ಅಷ್ಟಾಂಗ ಲೆಡ್ ಕ್ಲಾಸ್: ಎಣಿಕೆ ತಪ್ಪಿದರೆ ಎಲ್ಲಿ ಸೇರಿಕೊಳ್ಳೋದು, ಬರದ ಆಸನಕ್ಕೆ ಏನು ಮಾಡೋದು?

ನೆಲಗುಬ್ಬಿ ಕೇಳಿದ್ದು:

ಮೈಸೂರು ಸ್ಟೈಲಿನಲ್ಲಿ (ಒಬ್ಬೊಬ್ಬರೂ ತಮ್ಮ ವೇಗದಲ್ಲಿ ಮಾಡೋದು, ಟೀಚರ್ ಒಂದೊಂದೇ ಆಸನ ಕೊಡ್ತಾ ಹೋಗೋದು) ಪ್ರೈಮರಿ ಸೀರೀಸ್, ಅಂದರೆ ಅಷ್ಟಾಂಗದ ಮೊದಲ ಆಸನಸರಣಿ ನಡೀತಿದೆ. ಮರೀಚ್ಯಾಸನ ಸಿ ವರೆಗೆ ಕೊಟ್ಟಿದ್ದಾರೆ, ಡಿ ಇನ್ನೂ ಇಲ್ಲ. ಇನ್ನು ಮೇಲೆ ವಾರಕ್ಕೊಂದು ದಿನ ಲೆಡ್ ಕ್ಲಾಸಿಗೂ ಬರಬೇಕಂತೆ. ಟೀಚರ್ ಸಂಸ್ಕೃತದಲ್ಲಿ ಎಣಿಸ್ತಾರೆ, ಎಲ್ಲರೂ ಒಟ್ಟಿಗೆ ಮಾಡಬೇಕು ಅನ್ನೋದಷ್ಟೇ ಗೊತ್ತು. ಎಣಿಕೆ ಕೈತಪ್ಪಿದರೆ ಮತ್ತೆ ಎಲ್ಲಿ ಹಿಡಿಯೋದು? ಇನ್ನೂ ಕೊಡದ ಆಸನ ಬಂದಾಗ ಪ್ರಯತ್ನ ಮಾಡಬೇಕಾ, ಸುಮ್ಮನೆ ಕೂರಬೇಕಾ? ಇನ್ನೊಂದು, ಚತುರಂಗದಲ್ಲಿ (ಮೊಣಕೈ ಮಡಿಸಿ ಮೈಯನ್ನು ನೆಲಕ್ಕೆ ತಾಗದಂತೆ ಹಿಡಿಯೋ ಭಂಗಿ) ನಿಲ್ಲಿಸಿ ಕಾಯಿಸ್ತಾರೆ ಅಂತಾರಲ್ಲ, ಭುಜಕ್ಕೆ ಪೆಟ್ಟಾಗಲ್ವಾ?

ತಾಳಲೆಕ್ಕ:

ಎಣಿಕೆಯ ಲೆಕ್ಕಾಚಾರ ತಿಳಿದುಬಿಟ್ಟರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಒಂದು ಉಸಿರಿಗೆ ಒಂದು ಚಲನೆ, ಅದಕ್ಕೊಂದು ಅಂಕಿ. ಇದನ್ನೇ ವಿನ್ಯಾಸ ಎನ್ನುವುದು. ಸೂರ್ಯನಮಸ್ಕಾರ ಎಯಲ್ಲಿ 9 ವಿನ್ಯಾಸ, ಬಿಯಲ್ಲಿ 17. ಎರಡರಲ್ಲೂ ಬೆಸ ಸಂಖ್ಯೆಗೆ ಉಸಿರು ಒಳಕ್ಕೆ, ಸಮ ಸಂಖ್ಯೆಗೆ ಹೊರಕ್ಕೆ. ಏಕಂ ಕೈ ಮೇಲೆ, ದ್ವೇ ಬಾಗುವುದು, ತ್ರೀಣಿ ತಲೆ ಎತ್ತುವುದು, ಚತ್ವಾರಿ ಚತುರಂಗ, ಪಂಚ ಊರ್ಧ್ವಮುಖ (ಕೈಯೂರಿ ಎದೆ ಮೇಲೆತ್ತುವುದು), ಷಟ್ ಅಧೋಮುಖ (ಕೈಕಾಲು ಊರಿ ಸೊಂಟ ಮೇಲೆತ್ತುವುದು). ಎಯಲ್ಲಿ ಈ ಷಟ್‌ನಲ್ಲಿ 5 ಉಸಿರು ನಿಲ್ಲುತ್ತೀರಿ. ಬಿಯಲ್ಲಿ ಷಟ್, ದಶ ಎರಡೂ ಅಧೋಮುಖವೇ ಆದರೂ ಅಲ್ಲಿ ನಿಲ್ಲುವಂತಿಲ್ಲ, 5 ಉಸಿರು ಸಿಗುವುದು ಚತುರ್ದಶದಲ್ಲಿ ಮಾತ್ರ. ಷಟ್ ಅಂದ ಕೂಡಲೇ ಮೈ ಸಡಿಲಬಿಟ್ಟು ವೀರಭದ್ರಾಸನಕ್ಕೆ ತಡವಾಗಿ ಏಳುವವರು ಪ್ರತಿ ಕ್ಲಾಸಿನಲ್ಲೂ ಸಿಗುತ್ತಾರೆ.

ಕೂತು ಮಾಡುವ ಆಸನಗಳಲ್ಲಿ ಸ್ವಲ್ಪ ಎಚ್ಚರ ಬೇಕು. ಅಲ್ಲಿ ಎಣಿಕೆ ಏಕಂನಿಂದ ಶುರುವಾಗದೆ ಸಪ್ತದಿಂದ ಶುರುವಾಗುತ್ತದೆ. ಯಾಕೆಂದರೆ ನಿಂತು, ಬಾಗಿ, ಅಧೋಮುಖದವರೆಗೆ ಬರುವ 6 ವಿನ್ಯಾಸಗಳು ಆಗಿಹೋಗಿವೆ ಎಂದೇ ಲೆಕ್ಕ. ಜಾನುಶೀರ್ಷಾಸನ ಎ ತಗೊಳ್ಳಿ. ಸಪ್ತ: ಹಾರಿ ಬಂದು ಕೂತು, ಬಲಗಾಲು ಮಡಿಸಿ, ಎಡಪಾದ ಹಿಡಿದು ಎದೆ ಎತ್ತುವುದು. ಅಷ್ಟೌ: ಬಾಗುವುದು, 5 ಉಸಿರು. ನವ: ತಲೆ ಎತ್ತುವುದು, ಅಲ್ಲೇ ಉಸಿರು ಬಿಡುವುದು. ಈ ಬಿಡುವ ಉಸಿರಿಗೆ ಅಂಕಿ ಇಲ್ಲ, ಹಾಗಾಗಿ ಬೆಸ-ಸಮ ಇಲ್ಲಿಂದ ತಿರುವುಮುರುವು. ದಶ: ಉಸಿರೆಳೆದು ಮೇಲೇಳುವುದು, ಏಕಾದಶ ಚತುರಂಗ, ದ್ವಾದಶ ಊರ್ಧ್ವಮುಖ, ತ್ರಯೋದಶ ಅಧೋಮುಖ, ಚತುರ್ದಶಕ್ಕೆ ಎಡಗಾಲಿನ ಸರದಿ, ಪಂಚದಶಕ್ಕೆ ಬಾಗುವುದು. ಎಡಗಡೆ ಮುಗಿದು ಅಧೋಮುಖಕ್ಕೆ ಬರುವಾಗ ವಿಂಶತಿ. ಮುಂದಿನ ಆಸನಕ್ಕೆ ಮತ್ತೆ ಸಪ್ತ.

ನಿಮ್ಮ ಹಂತದಲ್ಲಿ ಮುಗ್ಗರಿಸುವ ಜಾಗ ಒಂದೇ. ಮರೀಚ್ಯಾಸನ ಎ, ಬಿಗಳಲ್ಲಿ ಆಸನ ನಿಲ್ಲುವುದು 8 ಮತ್ತು 15ರಲ್ಲಿ. ಸಿಯಲ್ಲಿ ಅದು 7 ಮತ್ತು 12. ಅಂದರೆ ಸಪ್ತ ಎಂದಾಗಲೇ ತಿರುಗಿ ಕೈ ಕಟ್ಟಿರಬೇಕು, ಅಷ್ಟೌ ಎಂದರೆ ಆಗಲೇ ಬಿಟ್ಟು ಮೇಲೇಳುವ ಹೊತ್ತು. ಅಷ್ಟೌಗೆ ಕಾಯುತ್ತಾ ಕೂತವರ 5 ಉಸಿರು ಹಾಗೇ ಕಳೆದುಹೋಗುತ್ತದೆ.

ಮತ್ತೆ ಸೇರಿಕೊಳ್ಳಲು ಒಂದೇ ಜಾಗ, ಅಧೋಮುಖ. ದಾರಿ ತಪ್ಪಿತು ಎನಿಸಿದರೆ ನಡುವಿನ ಎರಡು-ಮೂರು ವಿನ್ಯಾಸಗಳನ್ನು ಓಡಿ ಹಿಡಿಯಲು ಹೋಗಬೇಡಿ. ನೇರ ಅಧೋಮುಖಕ್ಕೆ ಹೋಗಿ ಉಸಿರು ಸರಿಮಾಡಿಕೊಂಡು ಮುಂದಿನ ಅಂಕಿಗೆ ಹೊರಡಿ.

ಪಾದಾಗ್ರ:

ಎರಡನೆಯದಕ್ಕೆ ಉತ್ತರ. ಈ ಪದ್ಧತಿಯನ್ನು ಹರಡಿದ ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರ ಪರಂಪರೆಯ ರೂಢಿ ಸರಳ: ನಿಮಗೆ ಕೊಟ್ಟ ಕೊನೆಯ ಆಸನದವರೆಗೆ ಎಣಿಕೆಯ ಜೊತೆ ಮಾಡಿ, ಅಲ್ಲಿ ನಿಲ್ಲಿಸಿ, ಮ್ಯಾಟಿನ ಮೇಲೆ ಸುಮ್ಮನೆ ಕೂತಿರಿ, ಊರ್ಧ್ವ ಧನುರಾಸನಕ್ಕೆ (ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಆಸನ) ಎಲ್ಲರ ಜೊತೆ ಸೇರಿಕೊಂಡು ಫಿನಿಶಿಂಗ್, ಅಂದರೆ ಕೊನೆಯ ಆಸನಗಳನ್ನು ಮುಗಿಸಿ. ನಿಮ್ಮ ಮಟ್ಟಿಗೆ ಮರೀಚ್ಯಾಸನ ಡಿಯಿಂದ ಸೇತುಬಂಧಾಸನದವರೆಗೆ ಕಾಯಬೇಕಾಗಬಹುದು. ಶವಾಸನದಲ್ಲಿ ಮಲಗಿಬಿಟ್ಟರೆ ಮೈ ಆರುತ್ತದೆ, ಆಮೇಲೆ ಬೆನ್ನು ಬಗ್ಗಿಸುವುದು ಕಷ್ಟ. ಕೂತೇ ಇರಿ, ಎಣಿಕೆ ಕೇಳಿಸಿಕೊಳ್ಳಿ. ಮುಂದೆ ಬರಬೇಕಾದ ಆಸನಗಳ ಅಂಕಿಗಳು ಕಿವಿಗೆ ಬೀಳುವುದು ಹೀಗೇ.

ಕೆಲವು ಕಡೆ ಬದಲಿ ಭಂಗಿ ಮಾಡಿಕೊಂಡು ಪೂರ್ತಿ ಸೀರೀಸ್ ಮಾಡಲು ಬಿಡುತ್ತಾರೆ. ಅಲ್ಲಿನ ಪದ್ಧತಿ ಯಾವುದು ಅಂತ ಕ್ಲಾಸಿಗೆ ಮೊದಲೇ ಒಂದು ಮಾತು ಕೇಳಿಬಿಡಿ. ಬಿಡುವುದಾದರೆ ನಾವಾಸನದಂಥವನ್ನು ಮಾಡಿ, ಐದು ಸಲವೂ ಮಾಡಿ, ತೊಂದರೆಯಿಲ್ಲ. ಸುಪ್ತಕೂರ್ಮಾಸನ ಮತ್ತು ಸೇತುಬಂಧಾಸನವನ್ನು ಮಾತ್ರ ಲೆಡ್ ಕ್ಲಾಸಿನ ಭರದಲ್ಲಿ ಮೊದಲ ಸಲ ಮಾಡಬಾರದು. ಸೇತುಬಂಧದಲ್ಲಿ ನೆತ್ತಿ ನೆಲಕ್ಕಿಟ್ಟು ಕಾಲು ನೀಡುವಾಗ ಭಾರ ಕತ್ತಿನ ಮೇಲೆ ಬರುತ್ತದೆ. ಅದನ್ನು ಪಕ್ಕದಲ್ಲಿ ನಿಂತು ಹೇಳಿಕೊಡುವವರಿದ್ದಾಗಲೇ ಕಲಿಯಬೇಕು.

ಮೊಣಕೈಮೂಲೆ:

ಚತುರಂಗದ ಬಗ್ಗೆ. ಹೌದು, ಚತ್ವಾರಿ ಅಂದಮೇಲೆ ಕೆಲವರು ಬೇಕಂತಲೇ ತಡ ಮಾಡ್ತಾರೆ. ಸೂರ್ಯನಮಸ್ಕಾರ ಎ ಐದು, ಬಿ ಮೂರು ಮಾಡಿಸಿದರೂ 14 ಚತುರಂಗ ಆಗುತ್ತೆ (ಬಿಯಲ್ಲಿ ಸುತ್ತಿಗೆ ಮೂರು). ಬಿ ಐದಾದರೆ 20. ಇದು ನಿಂತು ಮಾಡುವ ಆಸನಗಳು ಶುರುವಾಗೋ ಮೊದಲೇ. ಭುಜ ನೋಯೋದು ಕಾಯಿಸಿದ್ದಕ್ಕಲ್ಲ, ಹೇಗೆ ಇಳಿದಿದ್ದೀರಿ ಅನ್ನೋದಕ್ಕೆ.

ಮಾಮೂಲಿ ತಪ್ಪು ಏನಂದ್ರೆ ಹಲಗೆಯ ಭಂಗಿಯಿಂದ ನೇರ ಕೆಳಕ್ಕೆ ಬೀಳೋದು. ಹಾಗೆ ಬಿದ್ದಾಗ ಮೊಣಕೈ ಹಿಂದಕ್ಕೆ ಹೋಗುತ್ತೆ, ಭುಜದ ತಲೆ ಮುಂದಕ್ಕೆ ಉರುಳುತ್ತೆ, ಭಾರ ಎಲ್ಲ ಭುಜದ ಮುಂಭಾಗಕ್ಕೆ. ಮೊದಲು ಕಾಲ್ಬೆರಳ ಮೇಲೆ ಸ್ವಲ್ಪ ಮುಂದಕ್ಕೆ ಸರಿದು, ಆಮೇಲೆ ಮೊಣಕೈ ಮಡಿಸಿ. ಮುಂಗೈ ನೆಟ್ಟಗೆ ನಿಂತಿರಬೇಕು, ಮೊಣಕೈ ಮಣಿಕಟ್ಟಿನ ಮೇಲೆ, ಪಕ್ಕೆಗೆ ಹತ್ತಿರ. ಭುಜ ಮೊಣಕೈ ಮಟ್ಟಕ್ಕಿಂತ ಕೆಳಗೆ ಹೋಗಲೇಬಾರದು. ಅಲ್ಲಿ ತಡೆಯೋಕೆ ಆಗ್ತಿಲ್ಲ ಅಂದ್ರೆ ಅರ್ಧ ಮಾತ್ರ ಇಳೀರಿ, ಇಲ್ಲ ಮಂಡಿ ಊರಿ. ಎರಡೂ ಎಣಿಕೆಯನ್ನು ಕೆಡಿಸಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ಅಲ್ಲಿಂದ ಊರ್ಧ್ವಮುಖಕ್ಕೆ ಏಳೋದು ಮಾತ್ರ ಬೇಡ, ಸೊಂಟಕ್ಕೆ ಕೆಟ್ಟದ್ದು.

ಲೆಡ್ ಕ್ಲಾಸಿನಲ್ಲಿ ಭುಜಕ್ಕಿಂತ ಹೆಚ್ಚು ಕಾಡೋದು ಮಂಡಿ. ಅರ್ಧಬದ್ಧ ಪದ್ಮೋತ್ತಾನಾಸನ ನೋಡಿ: ಪಾದ ಎತ್ತಿ, ತೊಡೆಯ ಬುಡಕ್ಕೆ ತಂದು, ಹಿಂದಿನಿಂದ ಕೈ ಕಟ್ಟಿ ಹೆಬ್ಬೆರಳು ಹಿಡಿಯೋ ಅಷ್ಟೂ ಕೆಲಸಕ್ಕೆ ಸಿಗೋದು ಏಕಂ ಒಂದೇ. ಅವಸರದಲ್ಲಿ ಪಾದ ಹಿಡಿದು ಎಳೀತಾರೆ. ಸೊಂಟದ ಕೀಲು ತಿರುಗಿರಲ್ಲ, ಆ ತಿರುಚು ಮಂಡಿಯ ಒಳಭಾಗಕ್ಕೆ ಬೀಳುತ್ತೆ. ಮೊದಲು ಮಂಡಿ ಪೂರ್ತಿ ಮಡಿಸಿ, ಹಿಮ್ಮಡಿ ಹೊಕ್ಕುಳ ಕಡೆ ಬರೋ ಹಾಗೆ ತೊಡೆಯನ್ನು ಬುಡದಿಂದ ಹೊರಕ್ಕೆ ತಿರುಗಿಸಿ, ಆಮೇಲೆ ಇಡಿ. ದ್ವೇ ಅಂದಾಗ ಕೈ ಕಟ್ಟಿಲ್ಲದಿದ್ದರೆ ಬಾಗಬೇಡಿ, ಪಾದ ಹಿಡಿದು ನೆಟ್ಟಗೇ ನಿಂತಿರಿ. ಕಟ್ಟದೆ ಬಾಗಿದರೆ ಪಾದ ಜಾರುತ್ತೆ, ಜಾರೋ ಪಾದವನ್ನು ಮಂಡಿಯೇ ಹಿಡಿಯಬೇಕಾಗುತ್ತೆ.

ತೊಡೆ ಹಿಂಭಾಗ: ಮಧ್ಯದಲ್ಲಿ ಎಳೆತ ಇದ್ದರೆ ಚಿಂತೆಯಿಲ್ಲ. ಕೂರುವ ಮೂಳೆಯ ಹತ್ತಿರವೇ ಚುಚ್ಚಿದರೆ ಸ್ನಾಯುವಿನ ಬುಡ ನೊಂದಿದೆ ಅಂತ. ಪಾದಾಂಗುಷ್ಠಾಸನದಿಂದಲೇ ಮಂಡಿ ಸ್ವಲ್ಪ ಮಡಿಸಿಕೊಳ್ಳಿ, ಟೀಚರಿಗೂ ಹೇಳಿ. ಅಂಥ ದಿನ ಹಿಂದಿನಿಂದ ಒತ್ತಿಸಿಕೊಳ್ಳೋದು ಬೇಡವೇ ಬೇಡ. ಮುಟ್ಟಿ ಸರಿಪಡಿಸೋದು ಬೇಡ ಅಂತ ಯಾವ ದಿನ ಬೇಕಾದರೂ ಹೇಳಬಹುದು, ಕಾರಣ ಕೊಡಬೇಕಿಲ್ಲ.

ನೆಲಗುಬ್ಬಿ:

7 ಮತ್ತು 12ರ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಟೀಚರ್ ಎಣಿಸೋ 5 ಉಸಿರು ನನ್ನ ಉಸಿರಿಗಿಂತ ಉದ್ದ ಇದ್ದರೆ? ಮ್ಯಾಟ್ ಎಲ್ಲಿ ಹಾಕಿದರೆ ಒಳ್ಳೇದು?

ತಾಳಲೆಕ್ಕ:

ಉದ್ದ ಇದ್ದೇ ಇರುತ್ತದೆ, ಒಂದೊಂದು ಕಡೆ ತೀರಾ ಚಿಕ್ಕದೂ ಇರುತ್ತದೆ. ಉಸಿರು ಬಿಗಿಹಿಡಿದು ಅಂಕಿಗಾಗಿ ಕಾಯಬೇಡಿ. ತಡವಾದರೆ ನಡುವೆ ಒಂದು ಉಸಿರು ಹೆಚ್ಚಿಗೆ ತೆಗೆದುಕೊಂಡು, ಚಲನೆಯನ್ನು ಮಾತ್ರ ಅಂಕಿಗೆ ಕೂಡಿಸಿ. ಕ್ಲಾಸಿನ ಕೊನೆಯ ಉತ್ಪ್ಲುತಿಯಲ್ಲಿ (ಪದ್ಮಾಸನದಲ್ಲಿ ಕೈಯೂರಿ ಮೈ ಎತ್ತಿ ಹಿಡಿಯುವುದು) ಇದು ಚೆನ್ನಾಗಿ ಗೊತ್ತಾಗುತ್ತದೆ. ಲೆಕ್ಕಕ್ಕೆ 10 ಉಸಿರು, ಎಣಿಸುವವರಿಗೆ ಅವಸರವೇ ಇರುವುದಿಲ್ಲ. ಏಳನೆಯದಕ್ಕೆ ಕೆಳಗಿಳಿದರೆ ಮತ್ತೆ ಎತ್ತಿ, ಅಷ್ಟೇ.

ಅಂಕಿಗೆ ಮುಂಚೆ ಓಡುವುದು ಹಿಂದೆ ಬೀಳುವುದಕ್ಕಿಂತ ದೊಡ್ಡ ತಪ್ಪು. ಅನುಕ್ರಮ ಬಾಯಿಪಾಠ ಆದವರೇ ಇದನ್ನು ಮಾಡುವುದು. ಹೆಸರು ಹೇಳುವ ಮೊದಲೇ ಕಾಲು ಮಡಿಸಿ ತಯಾರಾಗಿರುತ್ತಾರೆ, ಅವರನ್ನು ನೋಡಿ ಪಕ್ಕದವರೂ ದಾರಿ ತಪ್ಪುತ್ತಾರೆ.

ಪಾದಾಗ್ರ:

ಮ್ಯಾಟ್ ನಡುವಿನ ಸಾಲಿನಲ್ಲಿ ಹಾಕಿ, ಮುಂದೆಯೂ ಪಕ್ಕದಲ್ಲೂ ಅಭ್ಯಾಸ ಇರುವವರು ಇರಲಿ. ತ್ರಿಕೋನಾಸನ, ಪ್ರಸಾರಿತ ಎಲ್ಲ ಬಲಕ್ಕೆ ತಿರುಗಿ ಮಾಡುವುದರಿಂದ ಮೊದಲ ಸಾಲಿನ ಬಲತುದಿಯಲ್ಲಿದ್ದರೆ ನೋಡಲು ಯಾರೂ ಸಿಗುವುದಿಲ್ಲ. ಮ್ಯಾಟುಗಳು ಒತ್ತೊತ್ತಾಗಿದ್ದರೆ ಪಕ್ಕದವರಿಗಿಂತ ಒಂದಡಿ ಹಿಂದೆ ಸರಿಸಿ, ಸುಪ್ತ ಪಾದಾಂಗುಷ್ಠಾಸನದಲ್ಲಿ ಕಾಲು ಹೊರಕ್ಕೆ ಬಂದಾಗ ಯಾರ ಮುಖಕ್ಕೂ ತಾಗುವುದಿಲ್ಲ.

ಊಟ ಆಗಿ ಕನಿಷ್ಠ 3 ಗಂಟೆ ಆಗಿರಲಿ. ಪೂರ್ತಿ ಪ್ರೈಮರಿ ಒಂದೂಕಾಲರಿಂದ ಒಂದೂವರೆ ಗಂಟೆ, ನಡುವೆ ನೀರು ಕುಡಿಯುವ ರೂಢಿಯಿಲ್ಲ. ಬೆವರಿಗೆ ಮ್ಯಾಟ್ ಜಾರುತ್ತದೆ, ಮೇಲೆ ಹಾಸಲು ಹತ್ತಿಯ ಹಾಸು ತನ್ನಿ. ಹತ್ತು ನಿಮಿಷ ಮುಂಚೆ ಹೋಗಿ, ಆರಂಭದ ಶ್ಲೋಕ "ವಂದೇ ಗುರೂಣಾಂ" ಶುರುವಾದ ಮೇಲೆ ಒಳಗೆ ಬಂದು ಮ್ಯಾಟ್ ಬಿಡಿಸುವುದು ಚೆನ್ನಾಗಿರುವುದಿಲ್ಲ. ಹೋಗುವ ದಿನ ಹುಣ್ಣಿಮೆಯೋ ಅಮಾವಾಸ್ಯೆಯೋ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ರೂಢಿ ಪಾಲಿಸುವ ಕಡೆ ಅವತ್ತು ಕ್ಲಾಸ್ ಇರುವುದಿಲ್ಲ.

ಮೊಣಕೈಮೂಲೆ:

ಒಂದು ಸೇರಿಸ್ತೀನಿ. ಡಿ ಬರೋವರೆಗೂ ಕೂತು ಕಾಯೋ ಹೊತ್ತಿನಲ್ಲಿ ಅದನ್ನೇ ಕದ್ದು ಪ್ರಯತ್ನ ಮಾಡೋರು ಇದ್ದಾರೆ. ಡಿಯಲ್ಲಿ ಎಡಪಾದ ಅರ್ಧಪದ್ಮದಲ್ಲಿ ಇಟ್ಟು ಬಲಮಂಡಿ ನಿಲ್ಲಿಸಿದಾಗ ಎಡಮಂಡಿ ನೆಲಕ್ಕೆ ತಾಗಿರಬೇಕು. ಗಾಳಿಯಲ್ಲಿ ತೇಲ್ತಾ ಇದ್ದರೆ ತಿರುಗಬೇಡಿ. ಮೈಸೂರು ಸ್ಟೈಲ್ ದಿನಗಳಲ್ಲಿ ಜಾನುಶೀರ್ಷಾಸನ ಬಿ, ಸಿ ಮತ್ತು ಬದ್ಧಕೋಣಾಸನದ ಮೇಲೆ ಕೆಲಸ ಮಾಡಿ, ಬದ್ಧಕೋಣ ಇನ್ನೂ ನಿಮ್ಮ ಪಟ್ಟಿಯಲ್ಲಿ ಬಂದಿಲ್ಲದಿದ್ದರೂ ಕ್ಲಾಸ್ ಮುಗಿದ ಮೇಲೆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರೋಕೆ ಯಾರ ಅಡ್ಡಿಯೂ ಇರಲ್ಲ.