ಹೈದರಾಬಾದ್–ದೆಹಲಿ ವಿಮಾನ: ದೂರಕ್ಕೂ ಟಿಕೆಟ್ಟಿನ ಸಮಯಕ್ಕೂ ತಾಳೆಯಾಗುತ್ತಿಲ್ಲವೇಕೆ?

ತೊಗರಿನಾಡು (ಪ್ರಶ್ನೆ):
ನಮ್ಮದು ಕಲಬುರಗಿ. ತಾಯಿಯವರನ್ನು ದೆಹಲಿಯಲ್ಲಿರುವ ತಮ್ಮನ ಮನೆಗೆ ಕರೆದೊಯ್ಯಬೇಕಾಗಿದೆ. ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೆಯೇ ಹೋಗುತ್ತದಾದರೂ, ಒಂದು ದಿನಕ್ಕೂ ಮೀರಿದ ಆ ಪ್ರಯಾಣ ಅವರ ಮೊಣಕಾಲು ನೋವಿಗೆ ಆಗದ ಮಾತೆಂದು ಹೈದರಾಬಾದಿನಿಂದ ವಿಮಾನದಲ್ಲಿ ಹೋಗಲು ನಿಶ್ಚಯಿಸಿದ್ದೇವೆ. ಎರಡು ನಿಲ್ದಾಣಗಳ ನಡುವಿನ ದೂರ ಸುಮಾರು 1,260 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ 1 ಗಂಟೆ 35 ನಿಮಿಷ ಸಾಕು. ಟಿಕೆಟ್ಟಿನಲ್ಲಿ 2 ಗಂಟೆ 15 ನಿಮಿಷ ಎಂದಿದೆ. ಉಳಿದ 40 ನಿಮಿಷ ಯಾವ ಲೆಕ್ಕಕ್ಕೆ ಸೇರಿದ್ದು? ಬೆಳಿಗ್ಗೆ 10ರ ವಿಮಾನಕ್ಕೆ ಮನೆಯನ್ನು ಎಷ್ಟು ಹೊತ್ತಿಗೆ ಬಿಡಬೇಕು?

ಶಹಾಬಾದಿನವ:
ನಿಮ್ಮ ಭಾಗಾಕಾರ ಸರಿಯಾಗಿದೆ, ಆದರೆ ಆ ಎರಡು ಅಂಕಿಗಳು ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು. 1,260 ಎಂಬುದು ಭೂಗೋಳದ ಮೇಲೆ ದಾರ ಎಳೆದು ಹಿಡಿದಂತಹ ಅತಿ ಹತ್ತಿರದ ದೂರ. ವಿಮಾನವಾದರೋ ನಿಗದಿಯಾದ ವಾಯುಮಾರ್ಗ ಹಿಡಿಯಬೇಕು, ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಏರಿ, ಸುತ್ತಿ ಬಂದು ಇಳಿಯಬೇಕು. ಟಿಕೆಟ್ಟಿನ ಸಮಯವು ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ದೆಹಲಿಯಲ್ಲಿ ಮತ್ತೆ ನಿಲ್ಲುವವರೆಗಿನದು. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಇನ್ನು 800 ಕಿ.ಮೀ. ವೇಗ ಸಿಗುವುದು ಮೇಲೇರಿದ ನಂತರ ಮಾತ್ರ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮಿತಿಯಿದೆ, 35 ಸಾವಿರ ಅಡಿಯಲ್ಲಿರುವ ವಿಮಾನ ಹೆಚ್ಚುಕಡಿಮೆ 200 ಕಿ.ಮೀ. ಮೊದಲೇ ಇಳಿಯಲು ಆರಂಭಿಸುತ್ತದೆ. ದೆಹಲಿಯ ದಟ್ಟಣೆಯಲ್ಲಿ ಸರದಿ ಕಾಯಬೇಕಾಗಬಹುದೆಂದು ಕಂಪನಿಗಳು ಒಂದಿಷ್ಟು ನಿಮಿಷಗಳನ್ನು ಮೊದಲೇ ಸೇರಿಸಿರುತ್ತವೆ.

ತೊಗರಿನಾಡು:
ಧನ್ಯವಾದ, ಅಣ್ಣಾವರೇ. ಗಾಳಿಯಿಂದಾಗಿ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ವ್ಯತ್ಯಾಸವಾಗುವುದೇ?

ಶಹಾಬಾದಿನವ:
ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹು ಎತ್ತರದಲ್ಲಿ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ದೆಹಲಿ–ಕೋಲ್ಕತ್ತದಂತಹ ಮೂಡಣ–ಪಡುವಣ ದಾರಿಯಲ್ಲಿ ಅದು ಚೆನ್ನಾಗಿ ಎದ್ದು ಕಾಣುತ್ತದೆ. ನಿಮ್ಮದು ಬಹುಪಾಲು ನೇರ ಉತ್ತರದ ದಾರಿಯಾದ್ದರಿಂದ ಗಾಳಿ ಅಡ್ಡವಾಗಿ ಬೀಸುತ್ತದೆ, ವ್ಯತ್ಯಾಸ ಅಲ್ಪ. ಡಿಸೆಂಬರ್–ಜನವರಿಯಲ್ಲಿ ನೀವು ಅಂಜಬೇಕಾದದ್ದು ದೆಹಲಿಯ ಮಂಜಿಗೆ.

ಬೀದರಿನ ಓದುಗ:
ಹೊರಡುವ ಹೊತ್ತಿನ ಪ್ರಶ್ನೆ ಹಾಗೆಯೇ ಉಳಿಯಿತು. ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ನಗರದೊಳಗೆ ಸಿಲುಕದೆ ಶಂಶಾಬಾದಿನ ವಿಮಾನ ನಿಲ್ದಾಣ ತಲುಪಬಹುದು. ಚಹಾಕ್ಕೆ ನಿಲ್ಲುವುದೂ ಸೇರಿ ಐದು ತಾಸು ಇಟ್ಟುಕೊಳ್ಳಿ. ದೇಶದೊಳಗಿನ ವಿಮಾನಗಳಿಗೆ ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ವಯಸ್ಸಾದವರಿರುವಾಗ 8ಕ್ಕೆ ಅಲ್ಲಿರುವುದು ಕ್ಷೇಮ. ಅಂದರೆ ನಸುಕಿನ 3ಕ್ಕೆ ಮನೆ ಬಿಡಬೇಕು. ಎರಡು ತಾಸಿನ ಹಾರಾಟಕ್ಕೆ ಏಳು ತಾಸಿನ ಸಿದ್ಧತೆ! ನನ್ನ ಮಾತು ಕೇಳುವುದಾದರೆ, ಸಾಧ್ಯವಿದ್ದರೆ ಮಧ್ಯಾಹ್ನದ ವಿಮಾನಕ್ಕೆ ಬದಲಾಯಿಸಿಕೊಳ್ಳಿ. ಇಲ್ಲವೇ ಹಿಂದಿನ ದಿನ ವಾಡಿ, ತಾಂಡೂರು ಮೇಲಿನ ರೈಲಿನಲ್ಲಿ ಹೋಗಿ ಅಲ್ಲಿಯೇ ತಂಗಿರಿ. ತಾಯಿಯವರಿಗೆ ಗಾಲಿಕುರ್ಚಿ ಬೇಕೆಂದು ವಿಮಾನ ಕಂಪನಿಗೆ ಎರಡು ದಿನ ಮುಂಚೆಯೇ ತಿಳಿಸಿ.

ತೊಗರಿನಾಡು:
ನಸುಕಿನ 3 ಗಂಟೆಗೆ ಅವ್ವ ಒಪ್ಪಲಿಲ್ಲ. ಮಧ್ಯಾಹ್ನದ ವಿಮಾನಕ್ಕೆ ಬದಲಾಯಿಸಿ, ಗಾಲಿಕುರ್ಚಿಗೂ ಹೇಳಿದ್ದೇನೆ.