ಮಾರ್ಟಿನ್ ಸಾಸ್ಟ್ರೆ: ಪ್ರಭುತ್ವವೇ ಬೇಡ ಎಂದವರು ಕೋರ್ಟಿಗೆ ಹೋದದ್ದೇಕೆ?

ಹೊಂಗೆನೆರಳು:
ಅಮೆರಿಕದ ಕಪ್ಪು ಅನಾರ್ಕಿಸ್ಟರ ಬಗ್ಗೆ ಓದಲು ಕೂತರೆ ಮಾರ್ಟಿನ್ ಸಾಸ್ಟ್ರೆ ಹೆಸರು ಮತ್ತೆಮತ್ತೆ ಎದುರಾಗುತ್ತದೆ. ಆದರೆ ಎಲ್ಲೆಡೆ ಅವರ ಪರಿಚಯ 'ಜೈಲಿನಿಂದಲೇ ಕೇಸು ಹಾಕಿ ಗೆದ್ದವರು' ಅಂತ. ಪ್ರಭುತ್ವವನ್ನೇ ಒಪ್ಪದವರಿಗೆ ಅದರ ನ್ಯಾಯಾಲಯ ಹೇಗೆ ಒಗ್ಗಿತು? ಆ ಕೇಸುಗಳಿಂದ ನಿಜವಾಗಿ ದಕ್ಕಿದ್ದೇನು?

ದಾವೆದಾರ:
ಕೇಸುಗಳು ಮೊದಲು ಬಂದವು, ಅನಾರ್ಕಿಸಂ ಆಮೇಲೆ. ಸಾಸ್ಟ್ರೆ ಹುಟ್ಟಿದ್ದು 1923ರಲ್ಲಿ, ಹಾರ್ಲೆಮ್‌ನಲ್ಲಿ. ಪೋರ್ಟೊರಿಕೊ ಮೂಲದ ಕಪ್ಪು ಕುಟುಂಬ. 1952ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಒಳಗೆ ಹೋದವರು 1964ರವರೆಗೆ ಹೊರಬರಲಿಲ್ಲ. ಅಲ್ಲಿ ಕಪ್ಪುಜನರ ಮುಸ್ಲಿಂ ಸಂಘಟನೆಯಾದ ನೇಷನ್ ಆಫ್ ಇಸ್ಲಾಂ ಸೇರಿದರು, ಕಾನೂನನ್ನು ತಾವೇ ಓದಿಕೊಂಡರು.

ಜೈಲಿನೊಳಗಿನ ವಿಚಾರ ಜೈಲರಿಗೆ ಬಿಟ್ಟದ್ದು ಎಂದು ಆಗಿನ ಕೋರ್ಟುಗಳು ಕೈತೊಳೆದುಕೊಳ್ಳುತ್ತಿದ್ದವು. 'ನನ್ನನ್ನು ಕೆಟ್ಟದಾಗಿ ನೋಡಿಕೊಳ್ಳುತ್ತಾರೆ' ಎಂದಷ್ಟೇ ಬರೆದ ಅರ್ಜಿ ಬಾಗಿಲಲ್ಲೇ ಬೀಳುತ್ತಿತ್ತು. ಸಾಸ್ಟ್ರೆ ಮತ್ತು ಜೊತೆಗಾರರು 1871ರ ನಾಗರಿಕ ಹಕ್ಕು ಕಾಯ್ದೆ ಹಿಡಿದು, ರಾಜ್ಯದ ಅಧಿಕಾರಿಗಳು ತಮ್ಮ ಧಾರ್ಮಿಕ ಸ್ವಾತಂತ್ರ್ಯ ಕಿತ್ತುಕೊಂಡಿದ್ದಾರೆ ಎಂದು ಫೆಡರಲ್ ಕೋರ್ಟಿಗೆ ಹೋದರು. ಇಂಥ ದೂರನ್ನು ಕೇಳಲೇಬೇಕು ಎಂದು 1961ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಬಫಲೋಬೀದಿ:
ದೊಡ್ಡ ಕೇಸು ಎರಡನೇ ಸಲ ಒಳಗೆ ಹೋದಾಗಿನದು. ಬಿಡುಗಡೆಯಾದ ಮೇಲೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಜೆಫರ್ಸನ್ ಅವೆನ್ಯೂದಲ್ಲಿ ಆಫ್ರೊ-ಏಷ್ಯನ್ ಪುಸ್ತಕದಂಗಡಿ ತೆರೆದಿದ್ದರು. 1967ರ ಬೇಸಿಗೆಯಲ್ಲಿ ಊರು ದಂಗೆಯೆದ್ದಾಗ ಯುವಕರ ತಂಗುದಾಣವಾಗಿದ್ದ ಆ ಅಂಗಡಿ ಪೊಲೀಸರ ಕಣ್ಣಿಗೆ ಬಿತ್ತು. ಜುಲೈ 14ರಂದು ದಾಳಿ. 15 ಡಾಲರಿನ ಹೆರಾಯಿನ್ ಮಾರಿದ ಆರೋಪ. 1968ರಲ್ಲಿ ಎಲ್ಲ ಬಿಳಿಯರೇ ಇದ್ದ ಜ್ಯೂರಿ ತಪ್ಪಿತಸ್ಥ ಎಂದಿತು. 41 ವರ್ಷದವರೆಗಿನ ಶಿಕ್ಷೆ.

ಗ್ರೀನ್ ಹೇವನ್ ಜೈಲಿನಲ್ಲಿ ಸಹ ಆರೋಪಿ ಜೆರಾಲ್ಡೀನ್ ರಾಬಿನ್ಸನ್‌ಗೆ ಕಾನೂನು ಕಾಗದ ಬರೆದುಕೊಟ್ಟದ್ದು ದೊಡ್ಡ ಅಪರಾಧವಾಯಿತು. 1968ರ ಜೂನ್‌ನಿಂದ 372 ದಿನ ಏಕಾಂತ ಸೆರೆ. ದಿನಕ್ಕೊಂದು ಗಂಟೆ ಅಂಗಳಕ್ಕೆ ಬಿಡುತ್ತಿದ್ದರು, ಆದರೆ ಮೊದಲು ಬಟ್ಟೆ ಬಿಚ್ಚಿ ತಪಾಸಣೆಗೆ ನಿಲ್ಲಬೇಕು. ಅವರು ಒಪ್ಪಲಿಲ್ಲ, ಹಾಗಾಗಿ ಅಂಗಳವೂ ಇಲ್ಲ.

ಇದರ ವಿರುದ್ಧ ಅವರು ಹಾಕಿದ ಕೇಸಿನಲ್ಲಿ 1970ರ ಮೇನಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ 13,020 ಡಾಲರ್ ಕೊಡಿಸಿದರು: ದಿನಕ್ಕೆ 25 ಡಾಲರ್ ಪರಿಹಾರ, ಅದರ ಮೇಲೆ 10 ಡಾಲರ್ ದಂಡ. 1971ರ ಮೇಲ್ಮನವಿಯಲ್ಲಿ ದಂಡದ ಭಾಗ ಹೋಯಿತು, 9,300 ಉಳಿಯಿತು. ಏಕಾಂತ ಸೆರೆಯೇ ಕ್ರೂರ ಶಿಕ್ಷೆ ಎಂಬ ಮಾತನ್ನು ಮೇಲಿನ ಕೋರ್ಟು ಒಪ್ಪಲಿಲ್ಲ. ರಾಜಕೀಯ ವಿಚಾರಕ್ಕಾಗಿ ಕೈದಿಯನ್ನು ಶಿಕ್ಷಿಸಬಾರದು, ಕೋರ್ಟಿಗೆ ಬರೆದ ಪತ್ರಕ್ಕೆ ಕತ್ತರಿ ಹಾಕಬಾರದು ಎಂಬುದು ನಿಂತಿತು. ನನ್ನ ಮಟ್ಟಿಗೆ ಹಣಕ್ಕಿಂತ ಇದೇ ದೊಡ್ಡದು, ಬೇರೆ ಕೈದಿಗಳಿಗೂ ದಕ್ಕಿದ್ದು ಇದೇ.

ಹೊಂಗೆನೆರಳು:
ಹಾಗಾದರೆ ಬಿಡುಗಡೆ?

ದಾವೆದಾರ:
ಅದು ಕೋರ್ಟಿನಿಂದ ಆಗಲೇ ಇಲ್ಲ. ಹೆರಾಯಿನ್ ಕೊಂಡೆ ಎಂದಿದ್ದ ಆರ್ಟೊ ವಿಲಿಯಮ್ಸ್ 1971ರಲ್ಲಿ ಅಫಿಡವಿಟ್ ಬರೆದು, ತಾನು ಜೈಲಿನಿಂದ ತಪ್ಪಿಸಿಕೊಳ್ಳಲು ಸಾಸ್ಟ್ರೆಯನ್ನು ಸಿಕ್ಕಿಸಿದ್ದೆ ಎಂದ. 1973ರಲ್ಲಿ ಫೆಡರಲ್ ಕೋರ್ಟಿನಲ್ಲೂ ಅದನ್ನೇ ಹೇಳಿದ. ಮಾತು ಬದಲಿಸಿದ ಸಾಕ್ಷಿಯನ್ನು ನ್ಯಾಯಾಧೀಶರು ನಂಬಲಿಲ್ಲ. ಆತನ ಮೊದಲ ಮಾತನ್ನು ಮಾತ್ರ ನಂಬಿಕೊಂಡೇ ಇದ್ದರು ಅನ್ನಿ! ಕೆಲಸ ಮಾಡಿದ್ದು ಹೊರಗಿನ ಹೋರಾಟ ಸಮಿತಿಗಳು. 1973ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಅವರನ್ನು ಆತ್ಮಸಾಕ್ಷಿಯ ಕೈದಿ, ಅಂದರೆ ತಮ್ಮ ವಿಚಾರಗಳಿಗಾಗಿ ಸೆರೆಯಾದವರು ಎಂದು ಗುರುತಿಸಿತು. 1975ರ ಕ್ರಿಸ್‌ಮಸ್ ಹಿಂದಿನ ದಿನ ನ್ಯೂಯಾರ್ಕ್ ಗವರ್ನರ್ ಹ್ಯೂ ಕ್ಯಾರಿ ಕ್ಷಮಾದಾನ ಕೊಟ್ಟರು. 1976ರ ಫೆಬ್ರವರಿಯಲ್ಲಿ ಹೊರಬಂದರು.

ಕಪ್ಪುಬಾವುಟ:
ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ನೇಷನ್ ಆಫ್ ಇಸ್ಲಾಂ, ಕಪ್ಪು ರಾಷ್ಟ್ರವಾದ, ಮಾರ್ಕ್ಸ್‌ವಾದ ದಾಟಿ 1970ರ ದಶಕದಲ್ಲಿ ಅವರು ಅನಾರ್ಕಿಸ್ಟ್ ಎಂದು ಬಹಿರಂಗವಾಗಿ ನಿಂತರು. ಅವರಿಗೆ ಕೋರ್ಟು ಹತ್ತಾರು ಆಯುಧಗಳಲ್ಲಿ ಒಂದು, ಅಷ್ಟೆ. ಬಳಸಿದ್ದಕ್ಕೆ ಅದನ್ನು ನಂಬಿದ್ದರು ಎಂದರ್ಥವಲ್ಲ. ಗುದದ್ವಾರದ ತಪಾಸಣೆಗೆ ಒಪ್ಪದೆ ಪ್ರತಿಭಟಿಸಿದಾಗ ಹೊಡೆಸಿಕೊಂಡವರೂ ಅವರೇ, ಕಾವಲುಗಾರರ ಮೇಲೆ ಹಲ್ಲೆ ಮಾಡಿದ ಕೇಸು ಬಿದ್ದದ್ದೂ ಅವರ ಮೇಲೆಯೇ. ತನ್ನ ಮೈಮೇಲಿನ ಹಕ್ಕನ್ನು ಇಂಥ ಸಣ್ಣ ಸಂಗತಿಯಲ್ಲಿ ಬಿಟ್ಟುಕೊಟ್ಟವನು ದೊಡ್ಡದನ್ನೂ ಬಿಟ್ಟುಕೊಡುತ್ತಾನೆ ಎಂಬ ಹಟ ಅದು. ಅವರ ಅನಾರ್ಕಿಸಂ ಅರ್ಥವಾಗಲು ತೀರ್ಪುಗಳಿಗಿಂತ ಈ ನಿರಾಕರಣೆಯನ್ನು ನೋಡಬೇಕು.

1969ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಬಂದೀಖಾನೆಯಲ್ಲಿ ಸಾಸ್ಟ್ರೆ ಲೊರೆಂಜೊ ಕೊಂಬೊವಾ ಎರ್ವಿನ್ ಅವರನ್ನು ಭೇಟಿಯಾಗಿದ್ದರು. ಎರ್ವಿನ್ ಮುಂದೆ ಕಪ್ಪು ಅನಾರ್ಕಿಸಂನ ಮುಖ್ಯ ಬರಹಗಾರರಾದರು. ಸಾಸ್ಟ್ರೆ ಮಾತ್ರ ಬಿಡುಗಡೆಯ ನಂತರ ವೇದಿಕೆಗಿಂತ ಕೆಲಸ ಆರಿಸಿಕೊಂಡರು: ಬಾಡಿಗೆದಾರರ ಸಂಘಟನೆ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಹಾಳುಬಿದ್ದ ಕಟ್ಟಡಗಳನ್ನು ಯುವಕರೊಂದಿಗೆ ದುರಸ್ತಿ ಮಾಡುವುದು. 2015ರಲ್ಲಿ ತೀರಿಕೊಂಡರು.